ಫ್ಯೂಸಮ್ಮನ ಅಪ್ಪಣೆ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕೆಲಸದಿಂದ ನೆನೆದುಕೊಂಡು ಬಂದ ನಾನು, ಮಹಡಿಯ ನನ್ನ ಕೋಣೆಯಲ್ಲಿ ಬಟ್ಟೆ ಬದಲಾಯಿಸಿ, ಕೆಳಗೆ ದೊಡ್ಡಮ್ಮನ ಮನೆಗೆ ಇಳಿದು ಬಂದೆ. ನಾನು ಆ ಮಹಡಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಒಬ್ಬಳೇ ಕೂತು ಮಳೆ ಕೇಳುವುದಕ್ಕಿಂತ ಕೆಳಗೆ ಹತ್ತು ಮಾತು ಕೇಳುವುದು ವಾಸಿ ಎನಿಸಿತ್ತು. ನಡುಮನೆಯಲ್ಲಿ ದೊಡ್ಡಮ್ಮ ಗೋಡೆಗೊರಗಿ, ಮೊಣಕಾಲಿನ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಅವರ ಮಗಳು, ನಾನು ಅಕ್ಕ ಎಂದು ಕರೆಯುವವಳು, ಬಟಾಣಿ ಬಿಡಿಸುತ್ತಿದ್ದಳು. ಅಕ್ಕನ ಇಬ್ಬರು ಮಕ್ಕಳು ಬಿಡಿಸಿದ್ದನ್ನು ಬಿಡಿಸಿದ ಹಾಗೆಯೇ ತಿನ್ನುತ್ತಿದ್ದರು.

ಅಷ್ಟರಲ್ಲಿ ಎಲ್ಲೋ ಒಂದು ಸಿಡಿಲು ಬಡಿದು ದೀಪ ಹೋಯಿತು. ಕುರ್ಚಿಯಲ್ಲಿದ್ದ ಭಾವ ಎದ್ದು ಮೆಟ್ಟಿಲ ಕೆಳಗಿನ ಹೊಸ ಪೆಟ್ಟಿಗೆಯ ಹತ್ತಿರ ಹೋಗಿ, ಕೆಳಗೆ ಬಿದ್ದಿದ್ದ ಸ್ವಿಚ್ಚನ್ನು ಬೆರಳಿನಿಂದ ಎತ್ತಿದರು. ಟಕ್ ಎಂದಿತು, ದೀಪ ಬಂತು. ಯುದ್ಧ ಗೆದ್ದವರ ಹಾಗೆ ಅವರು ವಾಪಸು ಬಂದು ಕೂತರು.

"ಅಜ್ಜಿ, ಈ ಪೆಟ್ಟಿಗೆ ಇಲ್ಲದಾಗ ಏನ್ಮಾಡ್ತಿದ್ರಿ?" ಎಂದು ಚಿಕ್ಕವಳು ಕೇಳಿದಳು.

"ಆಗ ಪೆಟ್ಟಿಗೆಗೊಬ್ಬರು ಯಜಮಾನಿ ಇದ್ರು" ಎಂದರು ದೊಡ್ಡಮ್ಮ. ಅಕ್ಕ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ, "ಅಮ್ಮಾ, ಮಕ್ಕಳು ಹೆದರ್ಕೊಳ್ತಾರೆ" ಎಂದಳು. ಅಷ್ಟು ಹೇಳಿದ್ದೇ ತಪ್ಪಾಯಿತು. ಮಕ್ಕಳಿಬ್ಬರೂ ಅಜ್ಜಿಯ ಎರಡೂ ಪಕ್ಕಕ್ಕೆ ಅಂಟಿಕೊಂಡರು. ಭಾವ ತಾವು ಇದನ್ನೆಲ್ಲ ನಂಬುವವರಲ್ಲ ಎಂದು ಮೊದಲೇ ತಿಳಿಸಿ, ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ದೊಡ್ಡಮ್ಮ ಹೇಳಿದ್ದನ್ನು ನನಗೆ ನೆನಪಿರುವಷ್ಟು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಅವರದಲ್ಲ.

"ಕೇಳಿ ಹಾಗಾದ್ರೆ. ಈಗ ನೀವು ಚಪ್ಪಲಿ ಬಿಡ್ತೀರಲ್ಲ ಮೆಟ್ಟಿಲ ಕೆಳಗೆ, ಅಲ್ಲಿ ಆಗ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದರೊಳಗೆ, ಬಲ್ಬ್ ತಿರುಗಿಸಿ ಕೂರಿಸ್ತೀವಲ್ಲ, ಹಾಗೇ ತಿರುಗಿಸಿ ಕೂರಿಸೋ ಫ್ಯೂಸುಗಳು. ಮುಂದುಗಡೆ ಒಂದು ಗಾಜಿನ ಕಣ್ಣು, ಕಣ್ಣೊಳಗೆ ತೆಳ್ಳಗೆ ಒಂದು ಪಟ್ಟಿ. ಭಾರ ಜಾಸ್ತಿಯಾಯ್ತೋ, ಪಟ್ಟಿ ಕರಗಿ ಎರಡು ತುಂಡು. ಎಲ್ಲೋ ವೈರಿಗೆ ವೈರು ತಾಗ್ತೋ, ಕಣ್ಣು ಪೂರ್ತಿ ಕಪ್ಪು. ಅಂದ್ರೆ ಡಾಕ್ಟರು ನೋಡೋ ಹಾಗೆ ಕಣ್ಣು ನೋಡಿಯೇ ಕಾಯಿಲೆ ಹೇಳಬಹುದಿತ್ತು ಅನ್ನಿ. ಆದ್ರೆ ಔಷಧಿ ಮಾತ್ರ ಇರಲಿಲ್ಲ. ಒಂದ್ಸಲ ಹೋದ ಫ್ಯೂಸು ಹೋದ ಹಾಗೇ... ತೆಗೆದು ಬಿಸಾಕೋದು, ಹೊಸದು ಹಾಕೋದು.

"ಮನೆ ಇಷ್ಟು ದೊಡ್ಡದು, ಫ್ಯೂಸು ನಾಲ್ಕೋ ಐದೋ. ಕೆಳಗೆ ನಮ್ಮ ಮಲಗೋ ಕೋಣೆಗೂ ಮೇಲೆ ಟೈಲರ್ ಬಾಡಿಗೆಗಿದ್ನಲ್ಲ, ಆ ಕೋಣೆಗೂ ಸೇರಿ ಒಂದೇ ಒಂದು. ಅವನು ಇಸ್ತ್ರಿ ಹಾಕಿದಾಗ ನಾವು ಹೀಟರ್ ಹಾಕಿದ್ವೋ, ಮುಗೀತು, ಇಬ್ಬರಿಗೂ ಕತ್ತಲೆ. ಅದಕ್ಕೇ ನಮ್ಮನೇಲಿ ಒಂದು ಪದ್ಧತಿ. ಏನಾದ್ರೂ ಭಾರದ್ದು ಹಾಕೋಕೆ ಮುಂಚೆ ಮೆಟ್ಟಿಲ ಕಡೆಗೆ ಕೂಗಬೇಕು. 'ಇಸ್ತ್ರೀ...' ಅಂತ ಮೇಲಿಂದ ಟೈಲರ್. 'ನೀರ್ ಕಾಯಿಸ್ತೀನೀ...' ಅಂತ ಅಡುಗೆಮನೆಯಿಂದ ನಾನು. ಮೆಟ್ಟಿಲ ಕೆಳಗೆ ಪೆಟ್ಟಿಗೆ ಪಕ್ಕ ಒಂದು ಕುರ್ಚಿ ಹಾಕ್ಕೊಂಡು ನಮ್ಮತ್ತೆ ಕೂತಿರೋರು. ತರಕಾರಿ ಹೆಚ್ತಾ, ಇಲ್ಲಾ ಹರಿದ ಬಟ್ಟೆ ಹೊಲೀತಾ. ಯಾರ ಕೋಣೇಲಿ ಏನು ಉರೀತಿದೆ ಅನ್ನೋದೆಲ್ಲ ಅವರ ತಲೆಯಲ್ಲಿ. ತಲೆ ಎತ್ತದೇ ಅಲ್ಲಿಂದ್ಲೇ ಅಪ್ಪಣೆ. 'ಹಾಕು' ಅಂದ್ರೆ ಹಾಕಬೇಕು. 'ತಡಿ' ಅಂದ್ರೆ ತಡೀಬೇಕು. ಹಾಗೆ ತಡಿ ಅನ್ನೋ ಮುಂಚೆ ನಾಲಿಗೆ ಲೊಚ್ ಅನ್ನಿಸೋರು ನೋಡಿ... ಆ ಲೊಚ್ ಕೇಳಿದ್ರೇ ಟೈಲರ್ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟುಬಿಡ್ತಿದ್ದ. ಬೀದಿಗೆಲ್ಲ ಅವರು ಫ್ಯೂಸಮ್ಮ. ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಗಿತ್ತು.

"ಫ್ಯೂಸು ಹಾಕೋದು ಅವರೇ. ಬೇರೆ ಯಾರಾದ್ರೂ ಮುಟ್ಟಿದ್ರೋ, ಅವತ್ತು ಅವರಿಗೆ ಊಟದ ಜೊತೆಗೆ ಬೈಗುಳ. ಮೊದಲು ಮೇನ್ ಸ್ವಿಚ್ ಇಳಿಸೋರು. ಒಣಗಿದ ಹಲಗೆ ಮೇಲೆ ನಿಲ್ಲೋರು. ಎಡಗೈ ಬೆನ್ನ ಹಿಂದೆ. ಬಲಗೈಯ ಬೆರಳ ತುದಿಯಲ್ಲಿ ಅಂಚು ಹಿಡಿದು, ನಿಧಾನಕ್ಕೆ, ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ. 'ಎರಡು ಕೈಯೂ ಮುಂದೆ ಕೊಟ್ರೆ ಕರೆಂಟಿಗೆ ದಾರಿ ಕೊಟ್ಟ ಹಾಗೆ ಕಣೆ, ಒಂದು ಕೈಯಿಂದ ಬಂದು ಇನ್ನೊಂದರಿಂದ ಹೋಗುತ್ತೆ, ಮಧ್ಯ ನಿನ್ನ ಎದೆ ಇರುತ್ತೆ' ಅನ್ನೋರು. ಈಗ್ಲೂ ನಾನು ಸ್ವಿಚ್ ಹಾಕುವಾಗ ನೋಡಿ ಬೇಕಾದ್ರೆ, ಎಡಗೈ ತಾನಾಗಿ ಹಿಂದಕ್ಕೆ ಹೋಗುತ್ತೆ.

"ಅತ್ತೆಗೂ ನನಗೂ ಹೇಗಿತ್ತು ಅಂತ ಕೇಳ್ತೀರಾ? ಕೇಳ್ಬೇಡಿ. ಅತ್ತೆ ಸೊಸೆ ಹೇಗಿರ್ತಾರೋ ಹಾಗಿದ್ವಿ. ನಾನು ಹಾಕಿದ ಉಪ್ಪು ಅವರಿಗೆ ಯಾವತ್ತೂ ಜಾಸ್ತಿ, ಅವರಾಡಿದ ಮಾತು ನನಗೆ ಯಾವತ್ತೂ ಜಾಸ್ತಿ. ಹೀಗಿರುವಾಗ ಒಂದು ದಿನ ಬೆಳಿಗ್ಗೆ ಟೈಲರ್ ಮೇಲಿಂದ 'ಇಸ್ತ್ರೀ' ಅಂದ. ಉತ್ತರ ಇಲ್ಲ. ಮತ್ತೆ ಅಂದ. ಇಲ್ಲ. ಹೋಗಿ ನೋಡಿದ್ರೆ... ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ರು. ತೊಡೆ ಮೇಲೆ ಅರ್ಧ ಹೆಚ್ಚಿದ ಕ್ಯಾರೆಟ್ಟು. ಪಾಪ, ಯಾರಿಗೂ ತೊಂದ್ರೆ ಕೊಡ್ಲಿಲ್ಲ. ಹೋದಮೇಲೆ ಕೊಟ್ರು ನೋಡಿ, ಅದು ಕತೆ.

"ಆಗ ನನಗೆ ತುಂಬಿದ ಹೊಟ್ಟೆ. ಇವಳು, ಇಲ್ಲಿ ಬಟಾಣಿ ಬಿಡಿಸ್ತಾ ಕೂತಿದ್ದಾಳಲ್ಲ ನಿಮ್ಮಮ್ಮ, ಇವಳು ಹೊಟ್ಟೇಲಿ. ಏನು ಅವಸರವೋ, ತಿಂಗಳು ತುಂಬೋಕೆ ಮುಂಚೆಯೇ ಬಂದುಬಿಟ್ಲು. ಅಂಗೈಯಲ್ಲಿ ಹಿಡಿಯೋಷ್ಟು ಮಗು. ಈಗ ನೋಡಿದ್ರೆ ನಂಬೋಕಾಗುತ್ತಾ?"

"ಸಾಕಮ್ಮ" ಎಂದಳು ಅಕ್ಕ. ಭಾವ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು.

"ಡಾಕ್ಟರು ಹೇಳಿಬಿಟ್ರು, ಈ ಮಗು ಬದುಕಬೇಕಾದ್ರೆ ಬೆಚ್ಚಗಿರಬೇಕು, ಒಂದು ಗಳಿಗೆಯೂ ಚಳಿ ತಾಗಬಾರದು ಅಂತ. ಹೊರಗೆ ಹೀಗೇ ಮಳೆ, ಗೋಡೆಯೆಲ್ಲ ತಣ್ಣಗೆ. ನಿಮ್ಮ ತಾತ ಒಂದು ಕರೆಂಟ್ ಹೀಟರ್ ತಂದು ತೊಟ್ಟಿಲ ಹತ್ರ ಇಟ್ರು. ಅದು ಹಗಲೂ ಉರೀಬೇಕು, ರಾತ್ರಿಯೂ ಉರೀಬೇಕು. ಮೇಲೆ ಟೈಲರ್‌ದು ಮದುವೆ ಸೀಸನ್ನು, ಅವನ ಇಸ್ತ್ರಿಯೂ ಉರೀಬೇಕು. ಒಂದೇ ಫ್ಯೂಸು... ತಡಿ ಅನ್ನೋರು ಇಲ್ಲ. ಏನಾಗಬೇಕು? ದಿನಾ ಫ್ಯೂಸು ಹೋಗೋದು, ದಿನಾ ಮಗು ಚಳಿಗೆ ಬಾಡಿದ ಎಲೆಯ ಹಾಗಾಗೋದು, ನಾನು ಎದೆಗವಚಿಕೊಂಡು ಕೂರೋದು.

"ನನ್ನ ಮೈದುನ ಒಬ್ಬ ಇದ್ದ. ಟೈಪಿಂಗ್ ಹೇಳಿಕೊಡೋ ಮೇಷ್ಟ್ರು, ಬಹಳ ನಾಜೂಕು. ಅವನಿಗೆ ಈ ಕೂಗೋ ಪದ್ಧತಿ ಕಂಡ್ರೇ ಆಗ್ತಿರಲಿಲ್ಲ. 'ಅತ್ತಿಗೆ, ನಾವೇನು ದನ ಕಾಯೋರಾ, ಬೆಟ್ಟದಿಂದ ಬೆಟ್ಟಕ್ಕೆ ಕೂಗೋಕೆ' ಅನ್ನೋನು. ಅವನು ಒಂದು ದಿನ ಅಂಗಡಿಯಿಂದ ದೊಡ್ಡ ಆಂಪ್ಸಿನ, ಅಂದ್ರೆ ಜಾಸ್ತಿ ಭಾರ ಹೊರೋ ಫ್ಯೂಸು ತಂದ. ಆ ಹಳೇ ಪೆಟ್ಟಿಗೆಯ ಕರ್ಮ ಏನಂದ್ರೆ, ಸಣ್ಣ ಫ್ಯೂಸಿಗೂ ದೊಡ್ಡ ಫ್ಯೂಸಿಗೂ ಕೆಳಗಿನ ತಿರುಪು ಒಂದೇ ಅಳತೆ. ಯಾವುದು ಎಲ್ಲಿ ಬೇಕಾದ್ರೂ ಕೂರುತ್ತೆ. ಪೆಟ್ಟಿಗೆ ಬೇಡ ಅನ್ನಲ್ಲ. ಗೋಡೆಯೊಳಗಿನ ಸಣ್ಣ ವೈರು ಅಷ್ಟು ಭಾರ ತಡ್ಕೊಳ್ಳುತ್ತಾ ಅಂತ ಯಾರು ಕೇಳಬೇಕು? ಮೈದುನ ಹಾಕಿದ, ಬಂದು ಕೈ ಒರೆಸಿಕೊಂಡ. 'ಇದು ಹೋಗೋ ಮಾತೇ ಇಲ್ಲ ಅತ್ತಿಗೆ, ಇನ್ನು ಈ ಮನೇಲಿ ಯಾರೂ ಯಾರನ್ನೂ ಕೇಳಬೇಕಾಗಿಲ್ಲ' ಅಂದ. ನಿಜ ಹೇಳ್ತೀನಿ, ನಮಗೆಲ್ಲ ಹಬ್ಬ. ಮೇಲೆ ಇಸ್ತ್ರಿ, ಕೆಳಗೆ ಹೀಟರ್, ಮಗು ಬೆಚ್ಚಗೆ. ಕೂಗಿಲ್ಲ, ಕತ್ತಲೆಯಿಲ್ಲ. ಮನೆ ಎಷ್ಟು ನಿಶ್ಶಬ್ದ ಆಯ್ತು ಅಂದ್ರೆ... ಮೆಟ್ಟಿಲ ಕೆಳಗೆ ಕುರ್ಚಿ ಕಿರ್ ಅಂದ್ರೂ ಕೇಳಿಸ್ತಿತ್ತು.

"ಹೂಂ. ಕುರ್ಚಿ ಕಿರ್ ಅಂತಿತ್ತು. ಯಾರೂ ಕೂತಿರ್ಲಿಲ್ಲ."

ಚಿಕ್ಕವಳು ಕಾಲು ಮೇಲೆ ಎತ್ತಿಕೊಂಡಳು. ದೊಡ್ಡವನು ತನಗೇನೂ ಆಗಿಲ್ಲ ಎಂದು ತೋರಿಸಲು ಎರಡು ಬಟಾಣಿ ಬಾಯಿಗೆ ಹಾಕಿಕೊಂಡು ಅಗಿಯುವುದನ್ನು ಮರೆತ.

"ಮಾರನೇ ದಿನವೇ ಹೀಟರ್ ತಣ್ಣಗಾಗಿತ್ತು. ಹೋಗಿ ನೋಡ್ತೀನಿ, ಆ ದೊಡ್ಡ ಫ್ಯೂಸು ಪೆಟ್ಟಿಗೆಯ ತಲೆ ಮೇಲೆ ಕೂತಿದೆ. ಗಾಜಿನ ಕಣ್ಣು ತಿಳಿಯಾಗಿದೆ, ಒಳಗೆ ಪಟ್ಟಿ ಇಡಿಯಾಗಿದೆ. ಯೋಚನೆ ಮಾಡಿ... ಸುಟ್ಟುಹೋದ ಫ್ಯೂಸು ಇದ್ದ ಜಾಗದಲ್ಲೇ ಇರುತ್ತೆ. ತಾನೇ ತಿರುಪು ಬಿಚ್ಚಿಕೊಂಡು ಹೊರಗೆ ಬಂದು ಕೂರುತ್ತಾ? ಮೈದುನ ಟೈಲರ್ ಮೇಲೆ ಹರಿಹಾಯ್ದ. ಟೈಲರ್ 'ಸ್ವಾಮಿ, ನನ್ನ ಇಸ್ತ್ರಿಯೂ ತಣ್ಣಗಾಗಿದೆ, ನನ್ನ ಹೊಟ್ಟೆಗೆ ನಾನೇ ಹೊಡ್ಕೋತೀನಾ' ಅಂದ. ಅದೂ ಸರಿ. ಮತ್ತೆ ಹಾಕಿದ್ರು. ಮತ್ತೆ ಹೊರಗೆ. ಮೈದುನ ಹಲ್ಲು ಕಚ್ಚಿ ಬಿಗಿಯಾಗಿ ತಿರುಗಿಸಿದ. ಅದೂ ಹೊರಗೆ. ಕೊನೆಗೆ ಪೆಟ್ಟಿಗೆ ಬಾಗಿಲಿಗೆ ಬೀಗ ಹಾಕಿ, ಕೀಲಿ ಜೇಬಲ್ಲಿಟ್ಟುಕೊಂಡು ಟೈಪಿಂಗ್ ಕ್ಲಾಸಿಗೆ ಹೋದ. ಸಂಜೆ ಬಂದು ತೆಗೆದು ನೋಡಿದ್ರೆ, ಬೀಗ ಹಾಕಿದ ಹಾಗೇ ಇದೆ... ಒಳಗೆ ದೊಡ್ಡದನ್ನ ಬಿಚ್ಚಿಟ್ಟು, ಅದರ ಜಾಗದಲ್ಲಿ ಅತ್ತೆ ಕಾಲದ ಸಣ್ಣ ಫ್ಯೂಸು ಕೂರಿಸಿದೆ. ಧೂಳು ಒರೆಸಿ.

"ನನಗೆ ಭಯ ಆಗ್ಲಿಲ್ಲ, ಕೋಪ ಬಂತು. ಯಾರು ಅಂತ ನನಗೆ ಗೊತ್ತಾಗಿತ್ತಲ್ಲ. ಮಗು ಹೀಟರ್ ಇಲ್ಲದೆ ನೀಲಿ ತಿರುಗ್ತಿದೆ, ಇವರಿಗೆ ಫ್ಯೂಸಿನ ಚಿಂತೆ. ಖಾಲಿ ಕುರ್ಚಿ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. 'ಇದ್ದಾಗ ನನ್ನನ್ನ ಹುರಿದು ಮುಕ್ಕಿದ್ದು ಸಾಲದಾ ಅತ್ತೆ, ಈಗ ನಿಮ್ಮ ಮೊಮ್ಮಗಳ ಪ್ರಾಣಕ್ಕೆ ಕೂತಿದ್ದೀರಾ' ಅಂದೆ. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ ಟೈಲರ್, ಬಾಣಂತಿಗೆ ತಲೆ ಕೆಟ್ಟಿದೆ ಅಂತ ನಿಮ್ಮ ತಾತನ ಹತ್ರ ಹೋಗಿ ಹೇಳಿದ್ನಂತೆ.

"ಆಮೇಲೆ ಒಂದು ಮುಸ್ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ, ಮೈದುನ ಕೊಡೆ ಮಡಿಚಿಕೊಂಡು ಒಳಗೆ ಬಂದ. ನೋಡ್ತಾನೆ, ಪೆಟ್ಟಿಗೆ ಮುಂದೆ ಹಲಗೆ ಮೇಲೆ ಯಾರೋ ಬೆನ್ನು ಹಾಕಿ ನಿಂತಿದ್ದಾರೆ. ಒಂದು ಕೈ ಬೆನ್ನ ಹಿಂದೆ. ಇನ್ನೊಂದು ಕೈ ಪೆಟ್ಟಿಗೆಯೊಳಗೆ. ನಾನೇ ಇರಬೇಕು ಅಂದ್ಕೊಂಡು, 'ಬಿಡಿ ಅತ್ತಿಗೆ, ನಾನು ಹಾಕ್ತೀನಿ' ಅಂದ. ಆಗ ನಾನು ಕೋಣೆಯೊಳಗಿಂದ, 'ಏನಪ್ಪಾ, ಕರೆದ್ಯಾ?' ಅಂದೆ... ಅಷ್ಟೇ. ಅವನು ಕೊಡೆಯನ್ನೇ ತಬ್ಬಿಕೊಂಡು ಬಾಗಿಲ ಹೊರಗೆ ಮಳೆಯಲ್ಲಿ ನಿಂತ, ನಿಂತೇ ಇದ್ದ. ಕೈಯಲ್ಲಿ ಕೊಡೆ ಇದೆ, ಬಿಚ್ಚಬೇಕು ಅನ್ನೋದು ಅವನಿಗೆ ಹೊಳೀಲೇ ಇಲ್ಲ. ಒಳಗೆ ಕರ್ಕೊಂಡು ಬರೋಕೆ ನಾವು ಪಟ್ಟ ಪಾಡು ಇದೆಯಲ್ಲ... ಆಮೇಲೆ ಎಷ್ಟೋ ದಿನ ಅವನ ಟೈಪಿಂಗಲ್ಲಿ ಬರೀ ತಪ್ಪೇ ಬರ್ತಿತ್ತಂತೆ, ವಿದ್ಯಾರ್ಥಿಗಳೇ ತಿದ್ದಿಕೊಟ್ಟರಂತೆ.

"ಆದ್ರೆ ನಿಮ್ಮ ತಾತ ಸುಮ್ನಿರ್ತಾರಾ? ಮಗು ಮುಖ್ಯ ಅಂದ್ರು. ಸತ್ತ ತಾಯಿ ಒಂದು ಕಡೆ, ಬದುಕೋ ಮಗಳು ಒಂದು ಕಡೆ, ನಾನು ಮಗಳ ಕಡೆ ಅಂದ್ರು. ತಾವೇ ಹೋಗಿ ದೊಡ್ಡ ಫ್ಯೂಸು ಹಾಕಿ, ಪೆಟ್ಟಿಗೆ ಎದುರಿಗೇ ಕುಕ್ಕರಗಾಲಲ್ಲಿ ಕಾವಲು ಕೂತ್ರು. ಅತ್ತೆ ಕುರ್ಚಿಯಲ್ಲಿ ಮಾತ್ರ ಕೂರ್ಲಿಲ್ಲ, ಧೈರ್ಯಕ್ಕೂ ಒಂದು ಮಿತಿ ಇರುತ್ತಲ್ಲ. ಮೇಲೆ ಟೈಲರ್‌ಗೆ ಮಾರನೇ ದಿನದ ಮದುವೆ ಬಟ್ಟೆ, ಅವನ ಇಸ್ತ್ರಿ ಒಂದೇ ಸಮನೆ ಉರೀತಿದೆ. ನಾನು ತೊಟ್ಟಿಲ ಪಕ್ಕ ಹೀಟರ್ ಸ್ವಿಚ್ಚಿಗೆ ಕೈ ಹಾಕಿದೆ. ಯಾಕೋ ಗೊತ್ತಿಲ್ಲ... ಹಳೇ ಅಭ್ಯಾಸ, ಬಾಯಿ ತಾನಾಗಿ ಕೂಗ್ತು. 'ಹೀಟರ್ ಹಾಕ್ತೀನೀ...'

"ಲೊಚ್.

"ಅದು ಕೇಳ್ತು, ನಿಮ್ಮಾಣೆ. ಆಮೇಲೆ... 'ತಡಿ.'

"ಮೇಲೆ ಇಸ್ತ್ರಿ ಪೆಟ್ಟಿಗೆ ದಬ್ ಅಂತ ಕೆಳಗಿಟ್ಟ ಸದ್ದು. ಟೈಲರ್ ಬಗ್ಗಿ, 'ಅಕ್ಕಾ, ಈಗ ತಡಿ ಅಂದಿದ್ದು ನೀವಾ?' ಅಂದ. ನಾನಲ್ಲ ಅಂದೆ. 'ಅಣ್ಣಾ, ನೀವಾ?' ನಿಮ್ಮ ತಾತನ ತಲೆ ಇಲ್ಲ ಇಲ್ಲ ಅಂತ ಆಡ್ತಿದೆ. 'ಹಾಗಾದ್ರೆ ಇನ್ನ್ಯಾರು' ಅಂತ ಕೇಳಿ, ಕೇಳಿದ್ದಕ್ಕೆ ತಾನೇ ಹೆದರಿ, ಬಾಗಿಲು ಹಾಕ್ಕೊಂಡ.

"ನನ್ನ ಕೈ ಸ್ವಿಚ್ಚಿನ ಮೇಲೇ ಇದೆ. ಹಾಕ್ಲಾ ಬಿಡ್ಲಾ? ಮಗುವಿನ ಕೈ ಮುಟ್ಟಿ ನೋಡಿದ್ರೆ ತಣ್ಣಗೆ. ಇವರ ಮಾತು ಕೇಳಿದ್ರೆ ಚಳಿಗೆ ಹೋಗುತ್ತೆ, ಕೇಳದಿದ್ರೆ... ಕೇಳದಿದ್ರೆ ಏನಾಗುತ್ತೋ ಗೊತ್ತಿಲ್ಲ. ಆದ್ರೆ ನೋಡಿ, ಅಷ್ಟು ವರ್ಷದಲ್ಲಿ ಅತ್ತೆ ನನಗೆ ಸುಮ್ಮನೆ ಬೈದಿದ್ರು, ಸುಮ್ಮನೆ ಮುಖ ಸಿಂಡರಿಸಿದ್ರು, ಆದ್ರೆ ಸುಮ್ಮನೆ ತಡಿ ಅಂದಿರ್ಲಿಲ್ಲ, ಒಂದು ಸಲವೂ. ಮಗುವನ್ನ ಕಂಬಳಿಯಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ. ಟೈಲರ್ ಬಾಗಿಲು ಬಡಿದೆ, 'ನಾನೇ ಕಣಪ್ಪ, ಬದುಕಿರೋಳು, ತೆಗಿ' ಅಂದೆ. ಅವನ ಇಸ್ತ್ರಿ ಮೇಜು ಆಗಷ್ಟೇ ಕಾದಿತ್ತು, ಮೇಲೆ ದಪ್ಪ ಬಟ್ಟೆ ಹಾಸಿ ಮಲಗಿಸಿದೆ. ಇಸ್ತ್ರಿಯಾದ ಯಾರದೋ ಮದುವೆ ಕೋಟನ್ನ ಅವನು ಬಿಸಿಬಿಸಿಯಾಗಿ ಇವಳಿಗೆ ಹೊದಿಸಿದ. ಪುಣ್ಯಾತ್ಮ. ಇವಳು ಅದನ್ನ ಒದ್ದೆ ಮಾಡಿದ್ಲು, ಅದು ಬೇರೆ ವಿಷಯ."

ಮಕ್ಕಳು ತಮ್ಮ ಅಮ್ಮನನ್ನು ನೋಡಿ ಉರುಳಾಡಿ ನಕ್ಕವು. ಭಾವ ಈ ಸಲ ಕೆಮ್ಮುವ ಕಷ್ಟ ತೆಗೆದುಕೊಳ್ಳಲಿಲ್ಲ.

"ಕೆಳಗಿಂದ ನಿಮ್ಮ ತಾತ ಕೂಗಿದ್ರು. ಅವರು ಕೋಣೆಗೆ ಹೋಗಿ ತೊಟ್ಟಿಲ ಹಿಂದಿನ ಗೋಡೆ ಮುಟ್ಟಿದ್ರಂತೆ. ಮೇಲಕ್ಕೆ ಹೋಗೋ ವೈರೂ ಆ ಗೋಡೆಯೊಳಗೇ, ಮೊದಲೇ ಎರಡೂ ಭಾರ ಹೊತ್ತು ಬೆಂದಿತ್ತು; ಈಗ ಹೀಟರ್ ಹಾಕಿಲ್ಲ, ಬರೀ ಇಸ್ತ್ರಿಯ ಭಾರಕ್ಕೇ ಗೋಡೆ ರೊಟ್ಟಿ ಹೆಂಚಿನ ಹಾಗೆ ಕಾದಿದೆ. ಸ್ವಿಚ್ಚಿನ ಸುತ್ತ ರಬ್ಬರ್ ಸುಟ್ಟ ವಾಸನೆ, ಸುಣ್ಣ ಕಂದು ತಿರುಗಿ ಬಿರುಕು ಬಿಟ್ಟಿದೆ, ಬಿರುಕಿನಿಂದ ದಾರದಷ್ಟು ಹೊಗೆ... ಅವರು ಓಡಿ ಬಂದು ಮೇನ್ ಇಳಿಸಿದ್ರು. ಆಮೇಲೆ ಗೋಡೆ ಒಡೆಸಿ ನೋಡಿದ್ವಿ. ಆ ಹಳೇ ವೈರಿನ ಹೊದಿಕೆ ಕರಕಲು, ಮುಟ್ಟಿದ್ರೆ ಪುಡಿ. ಅದರ ಪಕ್ಕದ ಮರದ ಪಟ್ಟಿ ಇದ್ದಿಲು. ಸಣ್ಣ ಫ್ಯೂಸು ಇದ್ದಿದ್ರೆ ಅದು ತಾನು ಸತ್ತು ವೈರನ್ನ ಉಳಿಸ್ತಿತ್ತು. ದೊಡ್ಡದಕ್ಕೆ ಸಾಯೋ ಬುದ್ಧಿ ಇಲ್ಲ, ವೈರು ಬೆಂದ್ರೂ ಸುಮ್ನೆ ನೋಡ್ತಾ ಕೂತಿತ್ತು. ನಾನು ಆ ಹೀಟರ್ ಹಾಕಿದ್ರೆ... ಬಿಡಿ. ಇವತ್ತು ಬಟಾಣಿ ಬಿಡಿಸೋರು ಇರ್ತಿರಲಿಲ್ಲ.

"ಅವತ್ತೇ ಖಾಲಿ ಕುರ್ಚಿ ಮುಂದೆ ಹೋಗಿ ನಿಂತೆ. 'ಉಪ್ಪು ಜಾಸ್ತಿ ಹಾಕ್ತಿದ್ದದ್ದು ನಿಜ ಅತ್ತೆ' ಅಂತ ಹೇಳಿ ಬಂದೆ.

"ಎಲೆಕ್ಟ್ರಿಷಿಯನ್ ಕೆಳಗಿನ ಮನೆಗೆಲ್ಲ ಹೊಸ ವೈರು ಎಳೆದ. ಫ್ಯೂಸು ಕೂರೋ ಬಾಯಿಗೆ ಬಳೆಯಂಥದ್ದು ಒಂದೊಂದು ಕೂರಿಸಿದ. ಆ ಬಳೆ ಕೂತಮೇಲೆ ಮತ್ತೆ ಹೊರಗೆ ಬರಲ್ಲ, ಅದರೊಳಗೆ ಸಣ್ಣ ಫ್ಯೂಸು ಮಾತ್ರ ಹಿಡಿಯುತ್ತೆ, ದೊಡ್ಡದು ಹೋಗೋದೇ ಇಲ್ಲ. ಮೈದುನ ಮಾರನೇ ದಿನದಿಂದ ಹಲ್ಲುಜ್ಜೋಕೆ ದೀಪ ಹಾಕೋದಿದ್ರೂ ಮೆಟ್ಟಿಲ ಹತ್ರ ಬಂದು ಕೂಗೋನು. ದೀಪಕ್ಕೆ ಬೇಡ ಕಣೋ ಅಂದ್ರೂ ಕೇಳ್ತಿರಲಿಲ್ಲ. ಅವನಿಗೆ ಸಿಕ್ಕಿದ ಹೆಂಡತಿಯ ಗಂಟಲು ಹೇಗಿತ್ತು ಅಂದ್ರೆ, ಅವಳು 'ಇಸ್ತ್ರೀ' ಅಂದ್ರೆ ಎದುರು ಮನೆಯವರು ತಮ್ಮ ಇಸ್ತ್ರಿ ಆರಿಸ್ತಿದ್ರು. ಮೆಟ್ಟಿಲ ಕೆಳಗೆ ಕುರ್ಚಿಯಲ್ಲಿ ನಾನು ಕೂರೋಕೆ ಶುರು ಮಾಡಿದೆ. ಹಾಕು, ತಡಿ, ಎಲ್ಲ ನಂದೇ. ನಾನು ಪೇಟೆಗೆ ಹೋಗಿದ್ದಾಗ ಕೂಗಿದವರಿಗೂ ಉತ್ತರ ಸಿಗ್ತಿತ್ತಂತೆ. ನಾನು ಏನೂ ಕೇಳೋಕೆ ಹೋಗ್ಲಿಲ್ಲ. ದೆವ್ವ ಅಂದ್ರೆ ಭಯ ಪಡಬಹುದು. ಅತ್ತೆ ಅಂದಮೇಲೆ ಏನು ಪಡೋದು? ಅಭ್ಯಾಸ ಆಗಿಬಿಡುತ್ತೆ."

ಮಳೆ ಇನ್ನೂ ಜೋರಾಗಿತ್ತು. ಭಾವ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಮೈ ಮುರಿದು, "ಕತೆ ಚೆನ್ನಾಗಿದೆ ಅತ್ತೆ. ಆದ್ರೆ ಈಗ ಹೊಸ ಪೆಟ್ಟಿಗೆ ಬಂತಲ್ಲ. ಭಾರ ಜಾಸ್ತಿಯಾದ್ರೆ ಅದೇ ಬೀಳುತ್ತೆ, ಬೆರಳಲ್ಲಿ ಎತ್ತಿದ್ರೆ ಆಯ್ತು. ಈಗ ಕೂಗೋರೂ ಬೇಡ, ಹೇಳೋರೂ ಬೇಡ" ಎಂದರು.

"ಕೂಗೋದನ್ನ ನಾವು ಬಿಟ್ವಿ, ನಿಜ" ಎಂದರು ದೊಡ್ಡಮ್ಮ. "ಹೇಳೋರಿಗೆ ಆ ವಿಷಯ ಯಾರಾದ್ರೂ ಹೇಳಿದ್ದೀರಾ?"

ದೊಡ್ಡಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಹಾಗೆಯೇ ಇತ್ತು.

"ಮೊನ್ನೆ ನೀನು ನನ್ನ ಕೇಳಿದ್ಯಲ್ಲ ಮಗಳೆ, 'ದೊಡ್ಡಮ್ಮ, ನಾನು ನೀರು ಕಾಯಿಸೋಕೆ ಹಾಕಿದಾಗಲೆಲ್ಲ ಮೆಟ್ಟಿಲ ಕೆಳಗಿಂದ ಯಾಕೆ ತಡಿ ತಡಿ ಅಂತೀರಿ' ಅಂತ. ನೀನು ಹೊಸಬಳು, ಹೆದರಿಸೋದು ಬೇಡ ಅಂತ ನಕ್ಕು ಸುಮ್ಮನಾದೆ. ಈ ಮೊಣಕಾಲು ಹಿಡಿದ ಮೇಲೆ ನಾನು ಮೆಟ್ಟಿಲ ಕೆಳಗೆ ಕೂರೋದನ್ನೇ ಬಿಟ್ಟಿದ್ದೀನಿ. ಪೆಟ್ಟಿಗೆ ಹೊಸದಾಯ್ತು, ಕೆಳಗಿನ ವೈರು ಹೊಸದಾಯ್ತು. ಮೇಲಿನ ನಿನ್ನ ಕೋಣೆ ಗೋಡೆ ಮಾತ್ರ ಯಾರೂ ಒಡೆದು ನೋಡಿಲ್ಲ... ಅದು ಅತ್ತೆ ಕಾಲದ್ದೇ. ನಾಳೆ ಎಲೆಕ್ಟ್ರಿಷಿಯನ್‌ಗೆ ಬರೋಕೆ ಹೇಳಿದ್ದೀನಿ. ಇವತ್ತು ನೀನು ಇಲ್ಲೇ ನನ್ನ ಪಕ್ಕ ಮಲಗು.

"ಅಂದ ಹಾಗೆ... ಬರುವಾಗ ಮೇಲೆ ಏನನ್ನೂ ಹಾಕಿ ಬಂದಿಲ್ಲ ತಾನೆ? ಒಂದು ಸಲ ನೆನಪು ಮಾಡಿಕೊ. ಆಗ ಮದುವೆ ಕೋಟಿನ ಮಾತಿಗೆ ನೀವೆಲ್ಲ ನಗ್ತಿದ್ರಿ, ಮೆಟ್ಟಿಲ ಕೆಳಗೆ ಲೊಚ್ ಅಂದಿದ್ದು ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ."